ಮಳೆಯೂರಿನ ಶಾಲೆಗೆ ಸಿಂಥೆಟಿಕ್ ಟ್ರ್ಯಾಕ್: ನೆಲ ನೋಡುವಲ್ಲಿಂದ ಪಾಚಿ ತೊಳೆಯುವವರೆಗೆ

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಶಾಲೆಗಳ ಪಿಟಿಎ ಮೀಟಿಂಗಿನಲ್ಲಿ ಸಿಂಥೆಟಿಕ್ ಟ್ರ್ಯಾಕಿನ, ಅಂದರೆ ರಬ್ಬರ್ ಹಾಸಿದ ಓಟದ ಟ್ರ್ಯಾಕಿನ, ಮಾತು ಆಗಾಗ ಬರುತ್ತದೆ. ಗಲ್ಫಿನಲ್ಲಿರುವ ಹಳೇ ವಿದ್ಯಾರ್ಥಿಗಳು ದುಡ್ಡು ಒಟ್ಟು ಮಾಡುತ್ತೇವೆ ಎನ್ನುತ್ತಾರೆ, ಶಾಸಕರ ನಿಧಿಯಿಂದ ಸ್ವಲ್ಪ ಸಿಗಬಹುದು ಎಂದು ಇನ್ನೊಬ್ಬರು ಹೇಳುತ್ತಾರೆ, ಕೆಂಪು ಟ್ರ್ಯಾಕಿನ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತದೆ. ಆಮೇಲೆ ಎಲ್ಲರೂ ಕೇಳುವುದು ಒಂದೇ: ರಬ್ಬರಿಗೆ ಎಷ್ಟಾಗುತ್ತದೆ?

ರಬ್ಬರ್ ಅಂದರೆ ಮೇಲಿನ 13 ಮಿ.ಮೀ. ಮಾತ್ರ. ಅದರ ಕೆಳಗೆ ಹೆಚ್ಚುಕಮ್ಮಿ ಮೊಣಕಾಲುದ್ದ ಜಲ್ಲಿ ಮತ್ತು ಡಾಂಬರು ಇರುತ್ತದೆ, ಬದಿಯಲ್ಲಿ ಚರಂಡಿ ಇರುತ್ತದೆ. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ, ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ಇಲ್ಲಿ ಟ್ರ್ಯಾಕ್ ಕೆಡುವುದು ಮಕ್ಕಳು ಓಡಿ ಅಲ್ಲ, ಅಡಿಯಲ್ಲಿ ನೀರು ನಿಂತು. ಹಾಗಾಗಿ ಇರುವ ದುಡ್ಡು ಮೊದಲು ನೆಲಕ್ಕೆ ಮತ್ತು ನೀರಿಗೆ ಹೋಗಬೇಕು, ಉಳಿದದ್ದರಲ್ಲಿ ಎಷ್ಟು ರಬ್ಬರ್ ಬರುತ್ತದೋ ಅಷ್ಟೇ ಹಾಕಬೇಕು. ಈ ಲೇಖನವೂ ಅದೇ ಕ್ರಮದಲ್ಲಿದೆ.

ಎಷ್ಟು ದೊಡ್ಡದು ಬೇಕು?

ಎಂಟು ಲೇನಿನ 400 ಮೀಟರ್ ಟ್ರ್ಯಾಕಿನ ಲೆಕ್ಕ ಹೀಗಿದೆ. ಎರಡು ನೇರ ಭಾಗ ತಲಾ 84.39 ಮೀಟರ್, ಬಾಗಿನ ತ್ರಿಜ್ಯ 36.50 ಮೀಟರ್, ಒಂದೊಂದು ಲೇನ್ 1.22 ಮೀಟರ್ ಅಗಲ. ಕೂಡಿಸಿದರೆ ಹೊರ ಅಂಚಿನಿಂದ ಹೊರ ಅಂಚಿಗೆ ಸುಮಾರು 177 ಮೀಟರ್ ಉದ್ದ, 93 ಮೀಟರ್ ಅಗಲ. ಅಂದರೆ ಬರೀ ಟ್ರ್ಯಾಕಿಗೇ ನಾಲ್ಕು ಎಕರೆ ಸಮತಟ್ಟು ಜಾಗ ಬೇಕು. ಸುತ್ತಲಿನ ಖಾಲಿ ಜಾಗ, ಚರಂಡಿ, ಜನ ನಿಲ್ಲುವ ಕಟ್ಟೆ ಇದಕ್ಕೆ ಸೇರಿಲ್ಲ. ನಮ್ಮ ಗುಡ್ಡದ ಊರುಗಳಲ್ಲಿ ಅಷ್ಟು ಸಮತಟ್ಟು ಜಾಗ ಇರುವ ಶಾಲೆಗಳು ಎಷ್ಟಿವೆ ಹೇಳಿ?

ಜಾಗ ಸಾಲದಿದ್ದರೆ ಕೆಲವರು 200 ಮೀಟರಿನ ಸಣ್ಣ ಸುತ್ತು ಮಾಡಿಸುತ್ತಾರೆ. ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಬಾಗು ತೀರಾ ಚಿಕ್ಕದಾಗುತ್ತದೆ, ಜೋರಾಗಿ ಓಡುವ ಮಕ್ಕಳ ಕಾಲಿನ ಮೇಲೆ ಒಂದೇ ಬದಿಗೆ ಭಾರ ಬೀಳುತ್ತದೆ, 100 ಮೀಟರ್ ನೇರ ಓಟವೂ ಅದರಲ್ಲಿ ಆಗುವುದಿಲ್ಲ. ಅದರ ಬದಲು ಒಂದೇ ಒಂದು ನೇರ ಪಟ್ಟಿ ಮಾಡಿ. ಸ್ಟಾರ್ಟಿನ ಹಿಂದೆ 3 ಮೀಟರ್, ಹರ್ಡಲ್ಸ್‌ಗಾಗಿ 110 ಮೀಟರ್, ಮುಗಿಸಿದ ಮೇಲೆ ನಿಲ್ಲಲು 17 ಮೀಟರ್, ಒಟ್ಟು 130 ಮೀಟರ್ ಉದ್ದ. ಆರು ಲೇನಿಗೆ 7.32 ಮೀಟರ್ ಅಗಲ. ಇದು ಸುಮಾರು 950 ಚದರ ಮೀಟರ್, 24 ಸೆಂಟ್ಸಿನ ಒಳಗೇ ಮುಗಿಯಿತು. ಎಂಟು ಲೇನಿನ ಪೂರ್ತಿ ಸುತ್ತಾದರೆ ರಬ್ಬರ್ ಹಾಸುವ ಜಾಗವೇ 4,185 ಚದರ ಮೀಟರ್. ಉಳಿದ ದುಡ್ಡಿನಲ್ಲಿ ಲಾಂಗ್ ಜಂಪಿಗೆ 40 ಮೀಟರಿನ ಓಟದ ಪಟ್ಟಿ ಸೇರಿಸಬಹುದು. ಉಪಜಿಲ್ಲಾ ಮಟ್ಟಕ್ಕೆ ಮಕ್ಕಳನ್ನು ತಯಾರು ಮಾಡಲು ಇಷ್ಟು ಧಾರಾಳ ಸಾಕು. ಉದ್ದದ ಓಟಕ್ಕೆ ಚೆನ್ನಾಗಿ ರೋಲರ್ ಹೊಡೆದ ಮಣ್ಣಿನ ಸುತ್ತೇ ಇರಲಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ಒಲಿಂಪಿಕ್ಸ್‌ನಲ್ಲೇ ಸಿಂಥೆಟಿಕ್ ಟ್ರ್ಯಾಕ್ ಬಂದದ್ದು 1968ರ ಮೆಕ್ಸಿಕೊ ನಗರದ ಕೂಟದಲ್ಲಿ. ಅಲ್ಲಿಯವರೆಗೆ ಚಿನ್ನ ಗೆದ್ದವರೆಲ್ಲ ಮಣ್ಣು, ಹುಲ್ಲು, ಕಿಟ್ಟದ ಪುಡಿಯ ಮೇಲೆಯೇ ಓಡಿದವರು.

ದಿಕ್ಕು ಉತ್ತರ-ದಕ್ಷಿಣ ಇರಲಿ. ಸಂಜೆ ನಾಲ್ಕೂವರೆಗೆ ಪ್ರಾಕ್ಟೀಸ್ ಮಾಡುವ ಮಕ್ಕಳಿಗೆ ಪಡುವಣದ ಬಿಸಿಲು ಕಣ್ಣಿಗೆ ಹೊಡೆಯಬಾರದು.

ನೆಲ ಎಂಥದ್ದು ನೋಡಿ

ಜಾಗ ಪದವಿನ, ಅಂದರೆ ಮುರಕಲ್ಲಿನ (ಜಂಬಿಟ್ಟಿಗೆಯ) ಎತ್ತರದ ಬಯಲಿನ ಮೇಲಿದ್ದರೆ ನಿಮ್ಮ ಅದೃಷ್ಟ. ಮುರಕಲ್ಲಿನ ಹಾಸು ಗಟ್ಟಿ, ಕುಸಿಯುವುದಿಲ್ಲ. ಆದರೆ ನಮ್ಮಲ್ಲಿ ಹೆಚ್ಚಿನ ಗ್ರೌಂಡುಗಳು ಗುಡ್ಡದ ಬದಿಯನ್ನು ಜೆಸಿಬಿಯಲ್ಲಿ ಅಗೆದು, ಆ ಮಣ್ಣನ್ನೇ ತಗ್ಗಿನ ಕಡೆಗೆ ತಳ್ಳಿ ಮಾಡಿದವು. ಅರ್ಧ ಗಟ್ಟಿ, ಅರ್ಧ ತುಂಬಿಸಿದ ಮಣ್ಣು. ಮೇಲಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತುಂಬಿಸಿದ ಕಡೆ ಇಳಿಯುತ್ತದೆ, ಎರಡೂ ಸೇರುವ ಜಾಗದಲ್ಲಿ ಉದ್ದಕ್ಕೆ ಬಿರುಕು ಬರುತ್ತದೆ.

ಊರಿನ ಹಿರಿಯರನ್ನು ಕೇಳಿ, ಯಾವ ಕಡೆ ಅಗೆದದ್ದು, ಯಾವ ಕಡೆ ತುಂಬಿಸಿದ್ದು ಅಂತ. ಯಾರಿಗಾದರೂ ನೆನಪಿರುತ್ತದೆ. ಆಮೇಲೆ ನಾಲ್ಕೈದು ಕಡೆ ಒಂದೂವರೆ ಮೀಟರ್ ಆಳದ ಗುಂಡಿ ತೋಡಿಸಿ ಮಣ್ಣು ನೋಡಿ. ಮುರಕಲ್ಲಿನ ಅಡಿಯಲ್ಲಿ ಬಿಳಿ, ಹಳದಿ, ನಸುಗೆಂಪು ಬಣ್ಣದ ನಯವಾದ ಶೇಡಿ ಮಣ್ಣು ಸಿಗುತ್ತದಲ್ಲ, ಅದು ಒಣಗಿದಾಗ ಕಲ್ಲಿನಂತಿದ್ದು ನೀರು ಕುಡಿದಾಗ ಜಾರುತ್ತದೆ. ಗುಡ್ಡ ಅಗೆದಾಗ ಬಂದ ಶೇಡಿಯನ್ನು ತುಂಬಿಸಲು ಬಳಸಲೇಬೇಡಿ. ಗುಂಡಿಗೆ ಸುತ್ತಲೂ ಬೇಲಿ ಕಟ್ಟಿ ಹಾಗೇ ಬಿಟ್ಟು, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮತ್ತೆ ಹೋಗಿ ನೋಡಿ. ಮಳೆ ಬಿಟ್ಟು ಎರಡು ದಿನವಾದರೂ ಗುಂಡಿಯಲ್ಲಿ ನೀರು ಇಳಿದಿಲ್ಲ ಎಂದಾದರೆ ನೆಲದೊಳಗೆ ತೂತಿನ ಪೈಪು ಹಾಕದೆ ಆ ಜಾಗದಲ್ಲಿ ಕೆಲಸ ಶುರು ಮಾಡಬಾರದು.

ನೀರಿಗೆ ದಾರಿ

ಒಂದು ಸಣ್ಣ ಲೆಕ್ಕ. ಗಂಟೆಗೆ 50 ಮಿ.ಮೀ. ಮಳೆ ನಮ್ಮ ಜುಲೈಗೆ ಹೊಸತಲ್ಲ. ಎಂಟು ಲೇನಿನ ಟ್ರ್ಯಾಕಿನ ಮೇಲೆ ಅಷ್ಟು ಮಳೆ ಬಿದ್ದರೆ ಗಂಟೆಗೆ ಎರಡು ಲಕ್ಷ ಲೀಟರಿಗಿಂತ ಹೆಚ್ಚು ನೀರು. ಮಧ್ಯದ ಮೈದಾನದ ನೀರು, ಮೇಲಿನ ಗುಡ್ಡದಿಂದ ಇಳಿಯುವ ನೀರು ಬೇರೆ. ಇದೆಲ್ಲ ಎಲ್ಲಿ ಹೋಗಬೇಕು ಎಂಬುದು ಪ್ಲಾನಿನಲ್ಲಿ ಮೊದಲ ಗೆರೆ ಎಳೆಯುವ ಮುಂಚೆ ತೀರ್ಮಾನ ಆಗಿರಬೇಕು.

ಮೊದಲು ಗುಡ್ಡದ ಕಡೆಗೆ ಆಳವಾದ ಕಣಿ. ಅಡಿಕೆ ತೋಟದಲ್ಲಿ ಬುಡಕ್ಕೆ ನೀರು ನಿಲ್ಲದಂತೆ ಕಣಿ ತೋಡುತ್ತೇವಲ್ಲ, ಇಲ್ಲಿಯೂ ಅದೇ ಬುದ್ಧಿ: ಮೇಲಿನ ನೀರು ಟ್ರ್ಯಾಕಿನ ಅಡಿಗೆ ಬರುವ ಮೊದಲೇ ಅದನ್ನು ಹಿಡಿದು ಬದಿಗೆ ಸಾಗಿಸಬೇಕು. ಎರಡನೆಯದು ಟ್ರ್ಯಾಕಿನದ್ದೇ ಇಳಿಜಾರು. ಇದು ಒಳಗಿನ ಲೇನಿನ ಕಡೆಗಿರಬೇಕು, ನೂರಕ್ಕೆ ಒಂದಕ್ಕಿಂತ ಜಾಸ್ತಿ ಇರುವಂತಿಲ್ಲ. ಓಡುವ ದಿಕ್ಕಿನಲ್ಲಿ ಸಾವಿರಕ್ಕೆ ಒಂದನ್ನು ಮೀರಬಾರದು. ಇವೆರಡೂ ಅಂತರರಾಷ್ಟ್ರೀಯ ನಿಯಮ. "ನಮ್ಮಲ್ಲಿ ಮಳೆ ಜಾಸ್ತಿ, ಎರಡು ಪರ್ಸೆಂಟ್ ಕೊಡೋಣ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಓಡುವವರ ಕಾಲಿಗೆ ವಾಟ ಗೊತ್ತಾಗುತ್ತದೆ.

ಮೂರನೆಯದು ಒಳ ಅಂಚಿನ ಚರಂಡಿ. ಜಾಲರಿ ಮುಚ್ಚಳ ಇರಲಿ, ಅಲ್ಲಲ್ಲಿ ಮಣ್ಣು ಕೂರುವ ಗುಂಡಿ ಇರಲಿ, ಕೈಹಾಕಿ ತೆಗೆಯುವಷ್ಟು ಅಗಲ ಇರಲಿ. ಮರದೆಲೆ ಬೀಳುವ ಊರಿನಲ್ಲಿ ಕೈ ಹೋಗದ ಚರಂಡಿ ಒಂದೇ ಮಳೆಗಾಲಕ್ಕೆ ಕಟ್ಟಿಕೊಳ್ಳುತ್ತದೆ. ನಾಲ್ಕನೆಯದನ್ನು ಎಲ್ಲರೂ ಮರೆಯುತ್ತಾರೆ: ಚರಂಡಿಯ ಕೊನೆ. ಅದು ಪಕ್ಕದವರ ತೋಟಕ್ಕೆ ಬಿದ್ದರೆ ಮಾರನೇ ದಿನವೇ ಜಗಳ. ಪಂಚಾಯತಿನ ಮೋರಿಯವರೆಗೆ ದಾರಿ ಇದೆಯೇ ಎಂದು ಮೊದಲೇ ನೋಡಿ, ಸಾಧ್ಯವಿದ್ದರೆ ಮಧ್ಯೆ ಒಂದು ಇಂಗುಗುಂಡಿ ಮಾಡಿಸಿ.

ಯಾವಾಗ ಏನು ಮಾಡಬೇಕು

ಇದನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ. ಮೊದಲ ವರ್ಷ ಜನವರಿಯಿಂದ ಪತ್ತನಾಜೆಯೊಳಗೆ (ಮೇ ಕೊನೆಯ ವಾರ) ಮಣ್ಣಿನ ಕೆಲಸ, ಕಣಿ, ಚರಂಡಿ. ಆಮೇಲೆ ಒಂದು ಮಳೆಗಾಲ ಸುಮ್ನೆ ಬಿಡಿ. ತುಂಬಿಸಿದ ಮಣ್ಣು ಇಳಿಯುವಷ್ಟು ಇಳಿಯಲಿ, ನೀರು ಎಲ್ಲಿ ನಿಲ್ಲುತ್ತದೆ ಎಂದು ನಿಮಗೂ ಕಾಣುತ್ತದೆ. ದೀಪಾವಳಿ ಕಳೆದು ತುಲಾ ಮಳೆಯ ಗುಡುಗು ನಿಂತ ಮೇಲೆ ಜಲ್ಲಿ, ಜನವರಿಯಲ್ಲಿ ಡಾಂಬರು, ಫೆಬ್ರವರಿ-ಮಾರ್ಚಿನಲ್ಲಿ ರಬ್ಬರ್. ಏಪ್ರಿಲಿಗೆ ಸಂಜೆ ಮಳೆ ಶುರುವಾಗುತ್ತದೆ, ಅಷ್ಟರೊಳಗೆ ಗೆರೆ ಎಳೆದು ಮುಗಿದಿರಬೇಕು.

ಮಾರ್ಚ್ 31ರೊಳಗೆ ಫಂಡ್ ಖರ್ಚಾಗಬೇಕು ಎಂದು ಎಲ್ಲವನ್ನೂ ಒಂದೇ ವರ್ಷದಲ್ಲಿ ಮಾಡಲು ಒತ್ತಡ ಬರುತ್ತದೆ. ಆಗ ಮಣ್ಣಿನ ಕೆಲಸಕ್ಕೂ ರಬ್ಬರಿಗೂ ಬೇರೆ ಬೇರೆ ಎಸ್ಟಿಮೇಟ್ ಮಾಡಿಸಿ, ಎರಡು ವರ್ಷದ ಫಂಡಿನಲ್ಲಿ ಹಾಕಿಸಿ.

ಜಲ್ಲಿ ಮತ್ತು ಡಾಂಬರು

ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಹೀಗೆ: ರೋಲರ್ ಹೊಡೆದು ಗಟ್ಟಿ ಮಾಡಿದ ನೆಲ, ಅದರ ಮೇಲೆ ದಪ್ಪ ಜಲ್ಲಿಯ ಪದರ 150ರಿಂದ 200 ಮಿ.ಮೀ., ನೀರು ಬೆರೆಸಿ ಹಾಸುವ ವೆಟ್ ಮಿಕ್ಸ್ 150 ಮಿ.ಮೀ., ನಂತರ ಎರಡು ಪದರ ಡಾಂಬರು. ಡಾಂಬರಿನ ಕೆಳ ಪದರ 50 ಮಿ.ಮೀ., ಮೇಲಿನದು ಸಣ್ಣ ಜಲ್ಲಿಯದ್ದು 25ರಿಂದ 30 ಮಿ.ಮೀ. ಡಾಂಬರು ಹಾಕಿದ ಮೇಲೆ ಮೂರು-ನಾಲ್ಕು ವಾರ ಹಾಗೇ ಬಿಡಬೇಕು. ಅದರೊಳಗಿನ ಎಣ್ಣೆ ಅಂಶ ಆರದೆ ರಬ್ಬರ್ ಹಾಕಿದರೆ ಅಂಟು ಹಿಡಿಯುವುದಿಲ್ಲ.

ಕಾಂಕ್ರೀಟ್ ಹಾಕಬಾರದೇ ಎಂದು ಕೇಳುತ್ತಾರೆ. ಹಾಕಬಹುದು. ಆದರೆ 28 ದಿನ ಕ್ಯೂರಿಂಗ್ ಬೇಕು, ಅಡಿಯಿಂದ ತೇವ ಬರದಂತೆ ಶೀಟ್ ಬೇಕು, ಕಾಂಕ್ರೀಟಿನ ಜಾಯಿಂಟುಗಳು ಮೇಲಿನ ರಬ್ಬರಿನಲ್ಲೂ ಬಿರುಕಾಗಿ ಕಾಣಿಸಿಕೊಳ್ಳುತ್ತವೆ. ನಮ್ಮ ತೇವಕ್ಕೆ ಡಾಂಬರೇ ವಾಸಿ.

ರಸ್ತೆ ಮಾಡುವ ಕಂಟ್ರಾಕ್ಟರಿಗೆ ಡಾಂಬರು ಹಾಕಲು ಚೆನ್ನಾಗಿಯೇ ಗೊತ್ತಿರುತ್ತದೆ. ಆದರೆ ರಸ್ತೆಯ ಲೆವೆಲ್ ಬೇರೆ, ಟ್ರ್ಯಾಕಿನ ಲೆವೆಲ್ ಬೇರೆ. ಇಲ್ಲಿ 4 ಮೀಟರ್ ಉದ್ದದ ನೇರ ಪಟ್ಟಿ ಇಟ್ಟರೆ ಅಡಿಯಲ್ಲಿ 6 ಮಿ.ಮೀ.ಗಿಂತ ಜಾಸ್ತಿ ಸಂದು ಇರಬಾರದು, 1 ಮೀಟರಿನ ಪಟ್ಟಿಗೆ 3 ಮಿ.ಮೀ. ಈ ಅಳತೆ ಪೂರ್ತಿಯಾದ ಟ್ರ್ಯಾಕಿಗೆ ಹೇಳಿದ್ದು. ಆದರೆ ಅದನ್ನು ಡಾಂಬರಿನ ಹಂತದಲ್ಲೇ ಕೇಳಬೇಕು, ಮತ್ತು ಕರಾರಿನಲ್ಲಿ ಬರೆಸಿರಬೇಕು.

ಟ್ಯಾಂಕರ್ ತರಿಸಿ

ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಉಪಯೋಗದ ಪರೀಕ್ಷೆ ಇದು. ರಬ್ಬರ್ ಹಾಕುವ ಮೊದಲು ಒಂದು ಬೆಳಿಗ್ಗೆ ನೀರಿನ ಟ್ಯಾಂಕರ್ ತರಿಸಿ, ಡಾಂಬರಿನ ಮೇಲೆ ಹೊರ ಲೇನಿನಿಂದ ನೀರು ಬಿಡಿಸಿ. ಎಲ್ಲ ಒದ್ದೆಯಾದ ಮೇಲೆ ನೀರು ನಿಲ್ಲಿಸಿ ಗಡಿಯಾರ ನೋಡಿ, 20 ನಿಮಿಷ ಕಾಯಿರಿ. ಮೊದಲು ಇಡೀ ಮೈ ಕಪ್ಪಗೆ ಹೊಳೆಯುತ್ತದೆ. ಆಮೇಲೆ ಮೇಲಿನ ಅಂಚಿನಿಂದ ಬೂದು ಬಣ್ಣ ಇಳಿಯುತ್ತಾ ಬರುತ್ತದೆ, ಅಲ್ಲಲ್ಲಿ ಕಪ್ಪು ಮಚ್ಚೆಗಳು ಉಳಿಯುತ್ತವೆ. ಬೆರಳಿಟ್ಟು ನೋಡಿ. ಬರೀ ತೇವವಾದರೆ ಪರವಾಗಿಲ್ಲ, ಬೆರಳಿನ ಸುತ್ತ ನೀರು ಏರಿ ನಿಂತರೆ ಅದು ತಗ್ಗು. ಹಳದಿ ಚಾಕಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಆಳ ಬರೆಯಿರಿ, ಫೋಟೋ ತೆಗೆದಿಡಿ.

ಆಗ ಕಂಟ್ರಾಕ್ಟರಿಂದ ಬರುವ ಉತ್ತರ ಹೀಗಿರುತ್ತದೆ: "ಅದೇನೂ ತೊಂದರೆ ಇಲ್ಲ ಮಾಷ್ಟ್ರೇ, ರಬ್ಬರ್ ಹಾಕುವಾಗ ಲೆವೆಲ್ ಮಾಡುತ್ತೇವೆ." ಬೇಡ ಅನ್ನಿ. ತಗ್ಗಿಗೆ ರಬ್ಬರ್ ತುಂಬಿದರೆ ಒಂದು ಕಡೆ 13 ಮಿ.ಮೀ., ಪಕ್ಕದಲ್ಲೇ 20 ಮಿ.ಮೀ. ಆಗುತ್ತದೆ. ಮೃದುವಾದ ಜಾಗದಿಂದ ಗಟ್ಟಿ ಜಾಗಕ್ಕೆ ಕಾಲಿಟ್ಟಾಗ ಪಾದ ಎಡವುತ್ತದೆ. ಇನ್ನೂ ಕೆಟ್ಟದ್ದು ಉಬ್ಬಿನ ಜಾಗ. ಅಲ್ಲಿ ರಬ್ಬರ್ ತೆಳ್ಳಗಾಗಿ ಓಟದ ಶೂವಿನ ಸ್ಪೈಕ್ (ಅಡಿಯ ಮುಳ್ಳು) ನೇರ ಡಾಂಬರಿಗೇ ತಾಗುತ್ತದೆ. ಉಬ್ಬನ್ನು ಉಜ್ಜಿಸಿ, ತಗ್ಗನ್ನು ಡಾಂಬರಿನಿಂದಲೋ ಪಾಲಿಮರ್ ಸಿಮೆಂಟಿನಿಂದಲೋ ತುಂಬಿಸಿ, ಮತ್ತೆ ನೀರು ಬಿಡಿಸಿ. ಎರಡನೇ ಬಾರಿ ಸರಿಯಾದ ಮೇಲಷ್ಟೇ ಬಿಲ್ಲಿಗೆ ಸಹಿ.

ಯಾವ ರಬ್ಬರ್?

ಸುತ್ತಲೂ ರಬ್ಬರ್ ತೋಟ ಇರುವ ಊರಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ: ನಮ್ಮ ಶೀಟ್ ರಬ್ಬರನ್ನೇ ಹಾಕಬಾರದಾ? ಆಗುವುದಿಲ್ಲ. ಮರದ ರಬ್ಬರಿನ ಅಣುಸರಪಳಿಯಲ್ಲಿ ಡಬಲ್ ಬಾಂಡುಗಳಿವೆ. ಬಿಸಿಲು ಮತ್ತು ಗಾಳಿಯಲ್ಲಿನ ಓಝೋನ್ ಅಲ್ಲಿಗೇ ಹೊಡೆಯುತ್ತವೆ, ರಬ್ಬರ್ ಬಿರಿಯುತ್ತದೆ. ಟ್ರ್ಯಾಕಿನ ಮೇಲಿನ ಬಣ್ಣದ ಕಾಳು ಇಪಿಡಿಎಂ ಎಂಬ ಸಿಂಥೆಟಿಕ್ ರಬ್ಬರಿನದ್ದು. ಅದರ ಮುಖ್ಯ ಸರಪಳಿಯಲ್ಲಿ ಆ ಡಬಲ್ ಬಾಂಡ್ ಇಲ್ಲ, ಅದಕ್ಕೇ ವರ್ಷಗಟ್ಟಲೆ ಬಿಸಿಲು ತಡೆಯುತ್ತದೆ. ಅಡಿಯಲ್ಲಿ ಹಾಕುವ ಕಪ್ಪು ಕಾಳು ಎಸ್‌ಬಿಆರ್, ಹೆಚ್ಚಾಗಿ ಹಳೇ ಟಯರ್ ಪುಡಿ ಮಾಡಿದ್ದು. ಲಾರಿ ಟಯರಿನಲ್ಲಿ ಮರದ ರಬ್ಬರಿನ ಪಾಲು ಜಾಸ್ತಿ ಇರುತ್ತದೆ. ಹಾಗಾಗಿ ತೋಟದ ರಬ್ಬರ್ ಸುತ್ತಿ ಬಳಸಿ ಟ್ರ್ಯಾಕಿನ ಅಡಿಗೆ ಬಂದೇ ಬರುತ್ತದೆ ಎನ್ನಬಹುದು!

ಈ ಕಾಳುಗಳನ್ನು ಹಿಡಿದಿಡುವುದು ಪಾಲಿಯುರೆಥೇನ್ ಅಂಟು, ಕೆಲಸದವರ ಬಾಯಲ್ಲಿ ಪಿಯು ಬೈಂಡರ್. ಮಾರುಕಟ್ಟೆಯಲ್ಲಿ ಮುಖ್ಯವಾಗಿ ನಾಲ್ಕು ಬಗೆ ಸಿಗುತ್ತದೆ.

ಸ್ಪ್ರೇ ಕೋಟ್‌ನಲ್ಲಿ ಅಡಿಗೆ 10 ಮಿ.ಮೀ. ಎಸ್‌ಬಿಆರ್ ಹಾಸು, ಮೇಲೆ ಸಣ್ಣ ಇಪಿಡಿಎಂ ಕಾಳು ಬೆರೆಸಿದ ಬಣ್ಣದ ಪಿಯು ಎರಡು ಸಲ ಸಿಂಪಡಿಸಿ ಸುಮಾರು 3 ಮಿ.ಮೀ. ನೀರು ಇದರ ಮೂಲಕ ಇಳಿಯುತ್ತದೆ. ಕಡಿಮೆ ಖರ್ಚು. ಸವೆದಾಗ ಮೇಲಿನದನ್ನು ಮಾತ್ರ ಮತ್ತೆ ಸಿಂಪಡಿಸಿದರಾಯಿತು.

ಸ್ಯಾಂಡ್‌ವಿಚ್‌ನಲ್ಲಿ ಅಡಿಗೆ ಅದೇ ಕಪ್ಪು ಹಾಸು. ಅದರ ತೂತುಗಳನ್ನು ಪಿಯುವಿನಿಂದ ಮುಚ್ಚಿ, ಮೇಲೆ ಗಟ್ಟಿ ಪಿಯು ಸುರಿದು, ಹಸಿ ಇರುವಾಗಲೇ ಇಪಿಡಿಎಂ ಕಾಳು ಎರಚುತ್ತಾರೆ. ಅಂಟದೆ ಉಳಿದದ್ದನ್ನು ಮರುದಿನ ಗುಡಿಸಿ ತೆಗೆಯುತ್ತಾರೆ. ನೀರು ಒಳಗೆ ಇಳಿಯುವುದಿಲ್ಲ, ಮೇಲೆಯೇ ಹರಿದು ಹೋಗಬೇಕು.

ಫುಲ್ ಪಿಯು ಅಂದರೆ ಪೂರ್ತಿ ದಪ್ಪವೂ ಪಿಯು ಆಧಾರದ ಗಟ್ಟಿ ಪದರ. ಇನ್ನೊಂದು ಫ್ಯಾಕ್ಟರಿಯಲ್ಲೇ ತಯಾರಾಗಿ ಸುರುಳಿಯಾಗಿ ಬರುವ ಹಾಸು, ತಂದು ಅಂಟಿಸುವುದು. ಇವೆರಡೂ ದೊಡ್ಡ ಸ್ಟೇಡಿಯಮ್ಮುಗಳಿಗೆ. ಶಾಲೆಯ ಬಜೆಟ್ಟಿನಲ್ಲಿ ಇವುಗಳ ಮಾತು ಬೇಡ.

ಸ್ಪ್ರೇನಾ ಸ್ಯಾಂಡ್‌ವಿಚ್ಚಾ? ಸುತ್ತ ಮರ ಇಲ್ಲದ, ಗಾಳಿಯಾಡುವ ಪದವಿನ ಮೇಲಾದರೆ ಸ್ಪ್ರೇ ಸಾಕು. ಮರದ ನೆರಳು ಬೀಳುವ, ಪಕ್ಕದಲ್ಲಿ ಕೆಂಪು ಮಣ್ಣಿನ ರಸ್ತೆ ಇರುವ ಜಾಗಕ್ಕೆ ಸ್ಯಾಂಡ್‌ವಿಚ್ ಹಾಕಿ. ಸ್ಪ್ರೇ ಹಾಸಿನ ತೂತುಗಳಲ್ಲಿ ಕೆಂಪು ಧೂಳು ಕೂತರೆ ನೀರು ಇಳಿಯುವುದು ನಿಲ್ಲುತ್ತದೆ, ನೆರಳಿದ್ದರೆ ಅದೇ ಧೂಳಿನಲ್ಲಿ ಪಾಚಿ ಬೇರುಬಿಡುತ್ತದೆ. ಇನ್ನೊಂದು ವಿಷಯ, ಸ್ಪ್ರೇ ಹಾಕಿಸುವುದಾದರೆ ಅಂಚಿನ ಕಟ್ಟೆಯಲ್ಲಿ ನೀರು ಹೊರಗೆ ಹೋಗುವ ಸಂದು ಇರಬೇಕು. ನೀರು ರಬ್ಬರಿನೊಳಗೆ ಇಳಿದು ಡಾಂಬರಿನ ಮೇಲೆ ಹರಿದು ಅಂಚಿಗೆ ಬರುತ್ತದೆ, ಅಲ್ಲಿ ಸಿಮೆಂಟ್ ಕಟ್ಟೆ ಅಡ್ಡ ನಿಂತರೆ ಒಳಗಿನ ಲೇನ್ ಇಡೀ ಮಳೆಗಾಲ ನೀರಿನಲ್ಲೇ ನೆನೆಯುತ್ತದೆ.

ಇಲ್ಲಿನ ಮಕ್ಕಳಲ್ಲಿ ಬರಿಗಾಲಲ್ಲಿ ಓಡುವವರು ಇನ್ನೂ ಇದ್ದಾರೆ. ಸ್ಪ್ರೇಯ ಮೈ ಹೊಸದರಲ್ಲಿ ಒರಟು, ಬಿದ್ದರೆ ಮೊಣಕಾಲು ತರಚುತ್ತದೆ. ಮಾರ್ಚ್ ಮಧ್ಯಾಹ್ನ ಯಾವ ಬಗೆಯ ಟ್ರ್ಯಾಕಾದರೂ ಬರಿಗಾಲು ಇಡಲು ಆಗದಷ್ಟು ಸುಡುತ್ತದೆ. ಪ್ರಾಕ್ಟೀಸನ್ನು ಬೆಳಿಗ್ಗೆ, ಸಂಜೆಗೆ ಇಟ್ಟುಕೊಳ್ಳುವುದೇ ದಾರಿ.

ಕರಾರಿನಲ್ಲಿ ಏನೇನು ಬರೆಸಬೇಕು

"ಅಂತರರಾಷ್ಟ್ರೀಯ ಗುಣಮಟ್ಟದ ಟ್ರ್ಯಾಕ್" ಎಂಬ ಮಾತಿಗೆ ಅರ್ಥವೇ ಇಲ್ಲ, ಅಂಕಿ ಬರೆಸಿ. ಅಥ್ಲೆಟಿಕ್ಸಿನ ಜಾಗತಿಕ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ ಕೇಳುವ ಮುಖ್ಯ ಅಳತೆಗಳಲ್ಲಿ ಮೊದಲನೆಯದು ಆಘಾತ ತಗ್ಗಿಸುವಿಕೆ, 35ರಿಂದ 50 ಶೇಕಡಾ. ಕಾಂಕ್ರೀಟಿನ ಮೇಲೆ ಬೀಳುವ ಪೆಟ್ಟಿಗೆ ಹೋಲಿಸಿದರೆ ಇಲ್ಲಿ ಎಷ್ಟು ಕಡಿಮೆ ಎಂಬ ಲೆಕ್ಕ ಇದು. ಜಾಸ್ತಿ ಮೆತ್ತಗಾದರೆ ಒಳ್ಳೆಯದು ಅಂದುಕೊಳ್ಳಬೇಡಿ, 50 ದಾಟಿದರೆ ಓಡುವವರ ಶಕ್ತಿಯೆಲ್ಲ ನೆಲ ನುಂಗುತ್ತದೆ. ಎಳೆದರೆ ತುಂಡಾಗುವ ಮೊದಲು ಕನಿಷ್ಠ 40 ಶೇಕಡಾ ಹಿಗ್ಗಬೇಕು. ಒದ್ದೆಯಾದಾಗಲೂ ಜಾರಬಾರದು, ಘರ್ಷಣೆಯ ಅಂಕಿ ಕನಿಷ್ಠ 0.5 ಇರಬೇಕು. ಕೊಡುವ ಮಾಲಿಗೆ ವರ್ಲ್ಡ್ ಅಥ್ಲೆಟಿಕ್ಸ್‌ನ ಉತ್ಪನ್ನ ಸರ್ಟಿಫಿಕೇಟ್ ಇದೆಯೇ ಎಂದು ಕೇಳಿ, ಅದರಲ್ಲಿ ಬರೆದ ದಪ್ಪವೂ ನಿಮ್ಮ ಕೊಟೇಶನ್ನಿನ ದಪ್ಪವೂ ಒಂದೇ ಇದೆಯೇ ನೋಡಿ. ಸರ್ಟಿಫಿಕೇಟ್ 13 ಮಿ.ಮೀ.ಗೆ, ಕೊಟೇಶನ್ 10 ಮಿ.ಮೀ.ಗೆ ಇದ್ದರೆ ಆ ಕಾಗದದಿಂದ ಏನೂ ಪ್ರಯೋಜನ ಇಲ್ಲ.

ಮಕ್ಕಳ ಆರೋಗ್ಯದ ವಿಷಯವನ್ನೂ ಬಿಡಬೇಡಿ. ಚೀನಾದ ಶಾಲೆಗಳಲ್ಲಿ 2015-16ರ ಹೊತ್ತಿಗೆ ಕಳಪೆ ಟ್ರ್ಯಾಕುಗಳ ವಾಸನೆಯಿಂದ ಮಕ್ಕಳಿಗೆ ಮೂಗಿನಲ್ಲಿ ರಕ್ತ, ತಲೆನೋವು ಬರುತ್ತಿದೆ ಎಂದು ದೊಡ್ಡ ಗಲಾಟೆಯಾಗಿ, 2018ರಲ್ಲಿ ಅಲ್ಲಿ ಶಾಲಾ ಟ್ರ್ಯಾಕುಗಳಿಗೆಂದೇ ಕಡ್ಡಾಯ ಮಾನದಂಡ ಬಂತು. ಹಳೇ ಕಾಲದ ಕೆಲವು ಪಿಯು ಹಾಸುಗಳಲ್ಲಿ ಪಾದರಸದ ಸಂಯುಕ್ತ ಬಳಸುತ್ತಿದ್ದರು. ಪಾದರಸ ಇಲ್ಲ, ಸೀಸ ಇಲ್ಲ ಎಂದು ಲ್ಯಾಬ್ ರಿಪೋರ್ಟ್ ಸಮೇತ ಬರೆದು ಕೊಡಲಿ. ಸ್ಯಾಂಪಲ್ ತುಂಡನ್ನು ಮುಚ್ಚಳದ ಡಬ್ಬದಲ್ಲಿ ಹಾಕಿ ಬಿಸಿಲಿಗಿಟ್ಟು ಸಂಜೆ ತೆರೆದು ಮೂಸಿ ನೋಡಿ. ಇದು ಲ್ಯಾಬಿನ ಬದಲಿಗಲ್ಲ, ಆದರೆ ಕಣ್ಣಲ್ಲಿ ನೀರು ಬರಿಸುವ ಮಾಲನ್ನು ಲ್ಯಾಬಿನವರೆಗೆ ಕಳಿಸುವ ಖರ್ಚು ಉಳಿಯುತ್ತದೆ. ಬಣ್ಣದ ಕಾಳನ್ನು ಬಿಳಿ ಕಾಗದದ ಮೇಲೆ ಜೋರಾಗಿ ಉಜ್ಜಿ, ಉಗುರಿನಲ್ಲಿ ಹಿಸುಕಿ. ಒಳ್ಳೇ ಇಪಿಡಿಎಂ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ, ಸುಣ್ಣದ ಪುಡಿ ಜಾಸ್ತಿ ತುಂಬಿದ್ದು ಪುಡಿಯಾಗುತ್ತದೆ.

ದರವನ್ನು ತಳಕ್ಕೆ ಬೇರೆ, ರಬ್ಬರಿಗೆ ಬೇರೆ, ಚದರ ಮೀಟರ್ ಲೆಕ್ಕದಲ್ಲಿ ಕೇಳಿ.

ಹಾಸುವ ದಿನಗಳು

ಮಾಲು ಇಳಿಸುವಾಗಲೇ ಚೀಲ ಎಣಿಸಿ. 10 ಮಿ.ಮೀ. ಕಪ್ಪು ಹಾಸಿಗೆ ಚದರ ಮೀಟರಿಗೆ ಸುಮಾರು ಆರೂವರೆ ಕೆ.ಜಿ. ಕಾಳು ಬೇಕು, ಅದರ ಐದನೇ ಒಂದು ಪಾಲು ತೂಕದಷ್ಟು ಬೈಂಡರ್ ಬೇಕು. ನಮ್ಮ 950 ಚದರ ಮೀಟರಿನ ಪಟ್ಟಿಗೆ ಇದು ಆರು ಟನ್ನಿಗಿಂತ ಸ್ವಲ್ಪ ಜಾಸ್ತಿ ಕಾಳು, ಅಂದರೆ 25 ಕೆ.ಜಿ.ಯ ಚೀಲವಾದರೆ 250ರ ಹತ್ತಿರ, ಬೈಂಡರ್ ಆರು ಡ್ರಮ್. ಕಂಪನಿಯ ಡೇಟಾ ಶೀಟಿನಲ್ಲಿ ಇರುವ ಅಂಕಿಯಿಂದ ಗುಣಿಸಿ ನೋಡಿ. ಡ್ರಮ್ ನಾಲ್ಕೇ ಬಂದಿದ್ದರೆ ಒಂದೋ ದಪ್ಪ ಕಡಿಮೆ, ಇಲ್ಲವೇ ಅಂಟು ಕಡಿಮೆ. ಎರಡೂ ನಿಮಗೆ ನಷ್ಟ.

ಪಿಯು ಬೈಂಡರ್ ಗಟ್ಟಿಯಾಗುವುದೇ ಗಾಳಿಯ ತೇವ ಕುಡಿದು. ಅದರಲ್ಲಿರುವ ಐಸೊಸಯನೇಟ್ ನೀರಿನೊಂದಿಗೆ ಸೇರಿದಾಗ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಗಾಳಿಯಲ್ಲಿರುವಷ್ಟು ತೇವವಾದರೆ ಸರಿ. ನೆಲ ಒದ್ದೆ ಇದ್ದರೆ ಗ್ಯಾಸ್ ಜಾಸ್ತಿಯಾಗಿ ಅಂಟು ನೊರೆಯಂತೆ ಉಬ್ಬುತ್ತದೆ, ಒಣಗಿದ ಮೇಲೆ ಅಲ್ಲಿ ಬಲವೇ ಇರುವುದಿಲ್ಲ. ಕರಾವಳಿಯ ಗಾಳಿಯಲ್ಲಿ ತೇವ ಯಾವಾಗಲೂ ಜಾಸ್ತಿ, ಹಾಗಾಗಿ ಒಳನಾಡಿಗಿಂತ ಇಲ್ಲಿ ಬೇಗ ಗಟ್ಟಿಯಾಗುತ್ತದೆ. ಕಲಸಿದ್ದನ್ನು ಊಟ ಮಾಡಿ ಬಂದು ಹಾಕೋಣ ಎನ್ನುವಂತಿಲ್ಲ. ಬೆಳಿಗ್ಗೆ ಇಬ್ಬನಿ ಪೂರ್ತಿ ಆರದೆ ಶುರು ಮಾಡಬಾರದು. ನಡು ಮಧ್ಯಾಹ್ನ ಡಾಂಬರು ಕಾದಾಗಲೂ ಬೇಡ. ಬೆಳಿಗ್ಗೆ ಎಂಟೂವರೆಯಿಂದ ಹನ್ನೊಂದೂವರೆ, ಮತ್ತೆ ಮೂರೂವರೆಯಿಂದ ಕತ್ತಲಾಗುವವರೆಗೆ ಒಳ್ಳೆಯ ಹೊತ್ತು. ಮೋಡ ಕಪ್ಪಾದರೆ ಕಲಸುವುದನ್ನೇ ನಿಲ್ಲಿಸಿ.

ಕ್ರಮ ಹೀಗೆ. ಡಾಂಬರನ್ನು ಗುಡಿಸಿ, ಬ್ಲೋವರಿನಲ್ಲಿ ಧೂಳು ಹಾರಿಸಿ, ಪ್ರೈಮರ್ ಹೊಡೆಯುತ್ತಾರೆ. ಪ್ರೈಮರ್ ಅಂಟಂಟಾಗಿರುವಾಗಲೇ ಕಾಳು-ಬೈಂಡರ್ ಮಿಶ್ರಣವನ್ನು ಪೇವರ್ ಮೆಷಿನ್ನಿಂದ ಪಟ್ಟಿಪಟ್ಟಿಯಾಗಿ ಹಾಸುತ್ತಾರೆ. ಮೆಷಿನ್ ಹೋಗದ ಅಂಚಿನಲ್ಲಿ ಇಬ್ಬರು ಮೊಣಕಾಲೂರಿ ಕೂತು ಕರಣೆಯಲ್ಲಿ ತಟ್ಟುತ್ತಾ ಬರುತ್ತಾರೆ. ಕರಣೆಗೆ ಅಂಟದಿರಲಿ ಎಂದು ಡೀಸೆಲ್ ಒರೆಸಲು ಬಿಡಬೇಡಿ, ಆ ಎಣ್ಣೆ ತಾಗಿದ ಕಾಳು ಒಂದಕ್ಕೊಂದು ಹಿಡಿಯುವುದಿಲ್ಲ. ಬೈಂಡರ್ ಡ್ರಮ್ ತೆರೆದಿಟ್ಟರೆ ಮೇಲೆ ಕೆನೆ ಕಟ್ಟುತ್ತದೆ. ಆ ಕೆನೆಯನ್ನು ಕಲಸಿ ಸೇರಿಸಬಾರದು, ತೆಗೆದು ಬಿಸಾಡಬೇಕು. ಸಂಜೆ ಕೆಲಸ ನಿಲ್ಲಿಸುವ ಕಡೆ ಅಂಚನ್ನು ನೇರಕ್ಕೆ ಕತ್ತರಿಸಿ, ಮರುದಿನ ಆ ಅಂಚಿಗೂ ಪ್ರೈಮರ್ ಹಚ್ಚಿಯೇ ಮುಂದುವರಿಸಬೇಕು. ಮುಂದೆ ಟ್ರ್ಯಾಕ್ ಬಿಡಿಸಿಕೊಳ್ಳುವುದು ಹೆಚ್ಚಾಗಿ ಈ ಜಾಯಿಂಟಿನಿಂದಲೇ.

ಸ್ಪ್ರೇ ಹೊಡೆಯುವಾಗ ಮೊದಲ ಸಲ ಒಂದು ದಿಕ್ಕಿನಿಂದ ಹೊಡೆದರೆ ಎರಡನೇ ಸಲ ಎದುರು ದಿಕ್ಕಿನಿಂದ ಹೊಡೆಯಬೇಕು. ಇಲ್ಲದಿದ್ದರೆ ಕಾಳಿನ ಒಂದು ಬದಿಗೆ ಮಾತ್ರ ಬಣ್ಣ ತಾಗಿ, ಈ ತುದಿಯಿಂದ ನೋಡಿದರೆ ಕೆಂಪು, ಆ ತುದಿಯಿಂದ ಕಪ್ಪು ಕಾಣುತ್ತದೆ. ಗಾಳಿ ಇದ್ದ ದಿನ ಹೊಡೆದರೆ ಮಾಷ್ಟ್ರ ಬೈಕಿಗೂ ಬಣ್ಣ!

ಕೆಲಸದವರಿಗೆ ಕೈಗವಸು, ಮಾಸ್ಕ್, ಕನ್ನಡಕ ಬೇಕೇ ಬೇಕು. ಹಸಿ ಬೈಂಡರಿನ ಆವಿ ಶ್ವಾಸಕ್ಕೆ ಒಳ್ಳೆಯದಲ್ಲ. ಮಕ್ಕಳನ್ನು ಆ ಕಡೆ ಸುಳಿಯಲು ಬಿಡಬೇಡಿ, ಸಾಧ್ಯವಾದರೆ ರಜೆ ನೋಡಿಯೇ ಈ ಕೆಲಸ ಇಟ್ಟುಕೊಳ್ಳಿ. ಆ ದಿನಗಳಲ್ಲಿ ಗ್ರೌಂಡಿನ ದನ, ನಾಯಿಗಳಿಗೂ ಬೇಲಿ ಹಾಕಿ, ಹಸಿ ರಬ್ಬರಿನ ಮೇಲೆ ಬಿದ್ದ ಹೆಜ್ಜೆ ಅಳಿಸಲು ಆಗುವುದಿಲ್ಲ.

ದಪ್ಪ ನೋಡಲು ಸೂಜಿ ಗೇಜು ಇರುತ್ತದೆ. ಹತ್ತು-ಹದಿನೈದು ಹೆಜ್ಜೆಗೊಮ್ಮೆ ಚುಚ್ಚಿ ಓದಿ, ಪುಸ್ತಕದಲ್ಲಿ ಬರೆಯಿರಿ. ಕಂಟ್ರಾಕ್ಟರು ತೋರಿಸಿದ ಕಡೆ ಮಾತ್ರ ಚುಚ್ಚಬೇಡಿ.

ಗೆರೆ

ಗೆರೆ 5 ಸೆಂ.ಮೀ. ಅಗಲ, ಬಿಳಿ ಪಿಯು ಪೇಂಟ್. ಲೇನಿನ ಬಲಗಡೆಯ ಗೆರೆ ಆ ಲೇನಿನ 1.22 ಮೀಟರಿನ ಒಳಗೇ ಸೇರುತ್ತದೆ. ಮೊದಲ ಲೇನನ್ನು ಒಳ ಕಟ್ಟೆಯಿಂದ 30 ಸೆಂ.ಮೀ. ಹೊರಗೆ ಅಳೆಯುತ್ತಾರೆ, ಉಳಿದವನ್ನು ಒಳಗಿನ ಗೆರೆಯಿಂದ 20 ಸೆಂ.ಮೀ. ಹೊರಗೆ. ಹೀಗಾಗಿ 400 ಮೀಟರ್ ಓಟದಲ್ಲಿ ಎರಡನೇ ಲೇನಿನ ಸ್ಟಾರ್ಟ್ 7.04 ಮೀಟರ್ ಮುಂದೆ, ಆಮೇಲೆ ಒಂದೊಂದು ಲೇನಿಗೂ ಸುಮಾರು 7.67 ಮೀಟರ್ ಸೇರುತ್ತಾ 14.70, 22.37, 30.03, 37.70, 45.36, ಎಂಟನೆಯದಕ್ಕೆ 53.03. 200 ಮೀಟರಿಗೆ ಇದರ ಅರ್ಧ. ಈ ಅಂಕಿಗಳು 36.50 ಮೀಟರ್ ತ್ರಿಜ್ಯದ ಟ್ರ್ಯಾಕಿಗೆ ಮಾತ್ರ ಎಂಬುದು ನೆನಪಿರಲಿ. ಪೇಂಟ್ ಹಾಕುವ ಮೊದಲು ಚಾಕಿನ ಗೆರೆಯ ಮೇಲೆ ಪಿ.ಟಿ. ಮಾಷ್ಟ್ರು ಒಮ್ಮೆ ಸ್ಟೀಲ್ ಟೇಪ್ ಹಿಡಿದು ನಡೆಯಲಿ. ಬಟ್ಟೆಯ ಟೇಪ್ ಬೇಡ, ಎಳೆದರೆ ಹಿಗ್ಗುತ್ತದೆ.

ಆದ ಮೇಲೆ

ಬೇಲಿ ಮತ್ತು ಒಂದು ಗೇಟು ಟ್ರ್ಯಾಕಿನ ಖರ್ಚಿನಲ್ಲೇ ಸೇರಿರಲಿ. ನಮ್ಮ ಊರಲ್ಲಿ ಶಾಲೆಯ ಗ್ರೌಂಡ್ ಅಂದರೆ ಎಲ್ಲರದ್ದೂ ಅಲ್ವಾ. ಯಕ್ಷಗಾನದ ರಂಗಸ್ಥಳ ಅಲ್ಲೇ, ಸೆವೆನ್ಸ್ (ತಂಡಕ್ಕೆ ಏಳು ಜನರ) ಫುಟ್ಬಾಲಿನ ಗ್ಯಾಲರಿ ಅಲ್ಲೇ, ಕಲೋತ್ಸವದ ಪಂದಲ್ ಅಲ್ಲೇ, ಬಿಸಿಲು ಚೆನ್ನಾಗಿದ್ದರೆ ಯಾರೋ ಅಡಿಕೆಯನ್ನೂ ಹರಡುತ್ತಾರೆ. ಇವುಗಳಿಗೆಲ್ಲ ಟ್ರ್ಯಾಕಿನ ಹೊರಗೆ ಜಾಗ ಗೊತ್ತು ಮಾಡಿ, ಇಲ್ಲದಿದ್ದರೆ ಬೋರ್ಡ್ ಹಾಕಿಯೂ ಫಲವಿಲ್ಲ. ಕಂಬದ ಗುಂಡಿ, ಗಾಡಿಯ ಚಕ್ರ, ಕುರ್ಚಿಯ ಕಾಲು ಎಲ್ಲವೂ ಕೆಟ್ಟದ್ದೇ. ಎಲ್ಲಕ್ಕಿಂತ ಕೆಟ್ಟದ್ದು ಜನರೇಟರಿನ ಡೀಸೆಲ್. ಅದು ಚೆಲ್ಲಿದ ಕಡೆ ಪಿಯು ಉಬ್ಬಿ ಮೆತ್ತಗಾಗುತ್ತದೆ.

ಫುಟ್ಬಾಲ್ ಆಡುವವರು ಮಧ್ಯದ ಮೈದಾನಕ್ಕೆ ದಾಟುವ ಜಾಗ ಒಂದೇ ಇರಲಿ, ಅಲ್ಲಿ ದಪ್ಪ ಮ್ಯಾಟ್ ಹಾಸಿ. ಸ್ಪೈಕಿನ ಮುಳ್ಳು ನಿಯಮದಂತೆ 9 ಮಿ.ಮೀ. ದಾಟಬಾರದು, ಹೈಜಂಪ್ ಮತ್ತು ಜಾವೆಲಿನ್‌ಗೆ 12. ಶಾಲೆಗೆ 6 ಮಿ.ಮೀ. ಸಾಕು. ಸುಮ್ಮನೆ ಜಾಗಿಂಗ್ ಮಾಡುವವರು ಹೊರಗಿನ ಲೇನಿನಲ್ಲಿ ಓಡಲಿ, ಮೊದಲ ಲೇನಿಗೆ ಕೋನ್ ಇಡಿ. ಎಲ್ಲರೂ ಒಳಗೇ ಓಡಿದರೆ ಉಳಿದ ಲೇನ್ ಹೊಸದಿರುವಾಗಲೇ ಅದೊಂದು ಸವೆದಿರುತ್ತದೆ.

ಮಳೆಗಾಲದ ಮೊದಲು ಚರಂಡಿಯ ಗುಂಡಿಗಳ ಮಣ್ಣು ತೆಗೆಸಿ. ಎಲೆಗಳನ್ನು ದಿನಾ ಗುಡಿಸಿದರೆ ಪಾಚಿ ಅರ್ಧ ಕಡಿಮೆಯಾಗುತ್ತದೆ. ಬಂದ ಪಾಚಿಗೆ ಸೋಪಿನ ನೀರು ಹಾಕಿ, ಪ್ಲಾಸ್ಟಿಕ್ ಹಿಡಿಸೂಡಿಯಲ್ಲಿ ಉಜ್ಜಿ, ಚೆನ್ನಾಗಿ ತೊಳೆಯಿರಿ. ತಂತಿಯ ಬ್ರಷ್, ಸೀಮೆಎಣ್ಣೆ, ಆಸಿಡ್ ಮುಟ್ಟಿಸಬೇಡಿ. ಪ್ರೆಷರ್ ವಾಶರ್ ಬಳಸುವುದಾದರೆ ಮೂತಿಯನ್ನು ಮೈಗೆ ಹತ್ತಿರ ಹಿಡಿಯಬಾರದು, ಕಾಳೇ ಎದ್ದು ಬರುತ್ತದೆ.

ಎಲ್ಲಾದರೂ ಕಿತ್ತು ಬಂದರೆ ತುದಿಯನ್ನು ಎಳೆದು ನೋಡುವ ಆಸೆ ಎಲ್ಲರಿಗೂ ಇರುತ್ತದೆ, ಎಳೆಯಬೇಡಿ. ಗಟ್ಟಿ ಇರುವಲ್ಲಿಯವರೆಗೆ ಚೌಕವಾಗಿ ಕತ್ತರಿಸಿ, ಅಡಿಯ ಡಾಂಬರು ಒಣಗಿದೆಯೇ ನೋಡಿ, ಅಂಚಿಗೆ ಪ್ರೈಮರ್ ಹಚ್ಚಿ, ಅದೇ ಕಾಳು-ಬೈಂಡರ್ ತುಂಬಿ ತಟ್ಟಬೇಕು. ಇದಕ್ಕಾಗಿ ಕೆಲಸ ಮುಗಿಸಿ ಹೋಗುವವರ ಹತ್ತಿರ ಬಣ್ಣದ ಕಾಳಿನ ಎರಡು ಚೀಲ ಕೇಳಿ ಇಟ್ಟುಕೊಳ್ಳಿ. ಬೈಂಡರ್ ಬೇಡ, ತೆರೆದ ಡಬ್ಬ ನಮ್ಮ ಗಾಳಿಯಲ್ಲಿ ಕೆಲವೇ ದಿನದಲ್ಲಿ ಕಲ್ಲಾಗುತ್ತದೆ. ಅದನ್ನು ಬೇಕಾದಾಗ ಹೊಸದು ತರಿಸಿದರಾಯಿತು. ಕತ್ತರಿಸಿದಾಗ ಅಡಿಯ ಡಾಂಬರು ಒದ್ದೆ ಇದ್ದರೆ ತೇಪೆ ಹಾಕುವುದನ್ನು ಅಲ್ಲಿಗೇ ನಿಲ್ಲಿಸಿ ಗುಡ್ಡದ ಕಡೆಯ ಕಣಿ ಕಟ್ಟಿಕೊಂಡಿದೆಯೇ ಎಂದು ಹೋಗಿ ನೋಡಿ.